ಕೇಸಿ ಮಸ್‌ಗ್ರೇವ್ಸ್ ಅವರ ‘ಗೋಲ್ಡನ್ ಅವರ್’: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಂಟ್ರಿ-ಪಾಪ್ ಗಾಯಕಿ ಕೇಸಿ ಮಸ್‌ಗ್ರೇವ್ಸ್ ಅವರ ‘ಗೋಲ್ಡನ್ ಅವರ್’ ಆಲ್ಬಮ್ಮಿನ ಮಾತು ಬಂದಾಗಲೆಲ್ಲ ಗೆಳೆಯರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ. ಪಾಶ್ಚಾತ್ಯ ಸಂಗೀತದ ಪರಿಚಯ ಇಲ್ಲದವರು ಮೊದಲಿನಿಂದ ಓದಬಹುದು, ಆಲ್ಬಮ್ಮನ್ನು ಆಗಲೇ ಕೇಳಿರುವವರು ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಕೇಸಿ ಮಸ್‌ಗ್ರೇವ್ಸ್ ಅಂದರೆ ಯಾರು? ನಾನು ಹೆಸರೇ ಕೇಳಿಲ್ಲ.

ಮಸ್‌ಗ್ರೇವ್ಸ್ 1988ರಲ್ಲಿ ಹುಟ್ಟಿದವರು, ಪೂರ್ವ ಟೆಕ್ಸಸ್‌ನ ಗೋಲ್ಡನ್ ಎಂಬ ಸಣ್ಣ ಊರಿನವರು. ಚಿಕ್ಕಂದಿನಲ್ಲಿಯೇ ವೇದಿಕೆ ಹತ್ತಿ, ಟೆಕ್ಸಸ್‌ನ ಹಳೆಯ ಕೌಬಾಯ್ ಹಾಡುಗಳನ್ನೂ ಗಂಟಲನ್ನು ತಟ್ಟನೆ ಮೇಲಿನ ಸ್ವರಕ್ಕೆ ಒಡೆಯುವ ಯೋಡ್ಲಿಂಗ್ ಶೈಲಿಯನ್ನೂ ಹಾಡುತ್ತಿದ್ದರು. 2007ರಲ್ಲಿ ‘ನ್ಯಾಶ್‌ವಿಲ್ ಸ್ಟಾರ್’ ಎಂಬ ದೂರದರ್ಶನ ಸ್ಪರ್ಧೆಯಲ್ಲಿ ಏಳನೆಯವರಾದರು. ಆಮೇಲೆ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರಕ್ಕೆ ಹೋಗಿ ನೆಲೆಸಿ, ಕೆಲವು ವರ್ಷ ಬೇರೆ ಗಾಯಕರಿಗಾಗಿಯೂ ಹಾಡು ಬರೆದರು. ಮಿರಾಂಡಾ ಲ್ಯಾಂಬರ್ಟ್ ಹಾಡಿ ಜನಪ್ರಿಯಗೊಳಿಸಿದ ‘ಮಾಮಾಸ್ ಬ್ರೋಕನ್ ಹಾರ್ಟ್’ ಹಾಡನ್ನು ಬರೆದ ಮೂವರಲ್ಲಿ ಇವರೂ ಒಬ್ಬರು. ದೊಡ್ಡ ಕಂಪನಿಯೊಂದರಿಂದ ಇವರ ಮೊದಲ ಆಲ್ಬಮ್ ‘ಸೇಮ್ ಟ್ರೇಲರ್ ಡಿಫರೆಂಟ್ ಪಾರ್ಕ್’ ಹೊರಬಂದದ್ದು 2013ರಲ್ಲಿ. ಮರುವರ್ಷ ಅದಕ್ಕೆ ಅತ್ಯುತ್ತಮ ಕಂಟ್ರಿ ಆಲ್ಬಮ್ ಗ್ರ್ಯಾಮಿ ಸಿಕ್ಕಿತು.

‘ಗೋಲ್ಡನ್ ಅವರ್’ ಯಾವಾಗ ಬಂತು? ಎಷ್ಟು ಉದ್ದ ಇದೆ?

2018ರ ಮಾರ್ಚ್ 30ರಂದು ಎಂಸಿಎ ನ್ಯಾಶ್‌ವಿಲ್ ಸಂಸ್ಥೆ ಇದನ್ನು ಹೊರತಂದಿತು. 13 ಹಾಡುಗಳಿವೆ, ಎಲ್ಲ ಸೇರಿ ಸುಮಾರು 46 ನಿಮಿಷ.

ಕಂಟ್ರಿ ಸಂಗೀತ ಅಂದರೆ ಹಳ್ಳಿ ಹಾಡು ಅಂತಾನಾ? ಕಂಟ್ರಿ-ಪಾಪ್ ಬೇರೆಯಾ?

ಬೇರು ಹಳ್ಳಿಯದೇ. ಬ್ರಿಟನ್ ಮತ್ತು ಐರ್ಲೆಂಡಿನಿಂದ ವಲಸೆ ಬಂದವರ ಪಿಟೀಲು ಮಟ್ಟುಗಳು ಮತ್ತು ಕಥನಗೀತೆಗಳು, ಗುಲಾಮರಾಗಿ ಬಂದ ಆಫ್ರಿಕನ್ನರ ವಾದ್ಯಪರಂಪರೆಯಿಂದ ರೂಪುಗೊಂಡ ಬ್ಯಾಂಜೊ, ಕರಿಯರ ಬ್ಲೂಸ್, ಚರ್ಚಿನ ಭಜನೆಗಳು ಇವೆಲ್ಲವೂ ಅಮೆರಿಕದ ದಕ್ಷಿಣದ ಬೆಟ್ಟಸೀಮೆಯಲ್ಲಿಯೂ ಬಯಲಿನಲ್ಲಿಯೂ ಬೆರೆತು ಬಂದ ಸಂಗೀತವಿದು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಮೊದಲು ಧ್ವನಿಮುದ್ರಣ ಮಾಡಿದ 1927ರ, ಅಮೆರಿಕದ ಟೆನೆಸಿ-ವರ್ಜೀನಿಯಾ ಗಡಿಯ ಬ್ರಿಸ್ಟಲ್ ನಗರದ ಮುದ್ರಣಗಳನ್ನು ಇದರ ವಾಣಿಜ್ಯ ರೂಪದ ಆರಂಭದ ಗುರುತಾಗಿ ನೋಡುವುದು ವಾಡಿಕೆ.

ಪಾಪ್‌ನೊಂದಿಗಿನ ನಂಟೂ ಇತ್ತೀಚಿನದಲ್ಲ. 1950ರ ದಶಕದ ಕೊನೆಯಲ್ಲಿ ಚೆಟ್ ಆಟ್ಕಿನ್ಸ್ ಮತ್ತು ಓವನ್ ಬ್ರಾಡ್ಲಿ ಅವರಂಥ ನಿರ್ಮಾಪಕರು ಪಿಟೀಲು ಮತ್ತು ಸ್ಟೀಲ್ ಗಿಟಾರ್‌ಗಳ ಒರಟು ನಾದವನ್ನು ಹಿಂದೆ ಸರಿಸಿ, ತಂತಿವಾದ್ಯಗಳ ಮೇಳವನ್ನೂ ಮೃದುವಾದ ಹಿನ್ನೆಲೆ ಗಾಯನವನ್ನೂ ತಂದು, ನಗರದ ಕೇಳುಗರಿಗೆ ಒಪ್ಪುವ ಶೈಲಿಯೊಂದನ್ನು ಕಟ್ಟಿದರು. ಪ್ಯಾಟ್ಸಿ ಕ್ಲೈನ್ ಅವರ ಹೆಸರಾಂತ ಹಾಡುಗಳು ಆ ಕಾಲದವು. 1990ರ ದಶಕದಲ್ಲಿ ಶನಾಯಾ ಟ್ವೇನ್ ಅದೇ ದಾರಿಯನ್ನು ಇನ್ನಷ್ಟು ಅಗಲ ಮಾಡಿದರು. ಕಂಟ್ರಿಯ ಕಥನವನ್ನೂ ವಾದ್ಯಗಳನ್ನೂ ಬಿಡದೆ, ಪಾಪ್‌ನ ಲಯವನ್ನೂ ಧ್ವನಿಮುದ್ರಣದ ನಯವನ್ನೂ ತೆಗೆದುಕೊಂಡ ಹಾಡನ್ನು ಕಂಟ್ರಿ-ಪಾಪ್ ಎನ್ನುತ್ತಾರೆ.

ಹಳೆಯ ಆಲ್ಬಮ್‌ಗಳಿಗಿಂತ ಇದು ಪ್ರೌಢ ಅಂತ ಎಲ್ಲರೂ ಹೇಳುತ್ತಾರೆ. ಯಾಕೆ?

ಮೊದಲೆರಡು ಆಲ್ಬಮ್‌ಗಳಲ್ಲಿ ಮಸ್‌ಗ್ರೇವ್ಸ್ ಸಣ್ಣ ಊರಿನ ಬದುಕನ್ನು ಚುರುಕಾದ ಕಣ್ಣಿನಿಂದ ನೋಡಿ ಬರೆದರು. ‘ಮೆರಿ ಗೋ ರೌಂಡ್’ ಹಾಡಿನಲ್ಲಿ ಬೇಗ ಮದುವೆಯಾಗಿ, ರೂಢಿಗೆಂದು ಚರ್ಚಿಗೆ ಹೋಗಿ, ಹುಟ್ಟಿದಲ್ಲಿಯೇ ಸುತ್ತುತ್ತ ಉಳಿಯುವವರ ಚಿತ್ರವಿದೆ. 2015ರ ‘ಪ್ಯಾಜೆಂಟ್ ಮಟೀರಿಯಲ್’ ಆಲ್ಬಮ್ಮಿನಲ್ಲಿಯೂ ಅದೇ ಜಾಣ್ಮೆ, ಅದೇ ನಗು. ಆ ಹಾಡುಗಳು ನನಗೆ ಈಗಲೂ ಪ್ರಿಯ. ಆದರೆ ಅಲ್ಲಿ ಹಾಡುವವಳು ಬಹುಮಟ್ಟಿಗೆ ನೋಡುತ್ತ ನಿಂತವಳು. ಪ್ರತಿ ಚರಣದ ಕೊನೆಯಲ್ಲಿ ಒಂದು ಚಮತ್ಕಾರದ ಸಾಲು ಕಾದಿರುತ್ತದೆ, ಅದು ಬಂದೊಡನೆ ನಾವು ಮೆಚ್ಚಿ ತಲೆದೂಗುತ್ತೇವೆ.

‘ಗೋಲ್ಡನ್ ಅವರ್’ನಲ್ಲಿ ಆ ಚಮತ್ಕಾರದ ಆಸರೆ ಬಹಳ ಕಡಿಮೆಯಾಗಿದೆ. ತನ್ನ ನಿಧಾನ ಸ್ವಭಾವ, ತಾನು ಹೊಸದಾಗಿ ಕಂಡ ಪ್ರೀತಿ, ದೂರದ ಊರಿನಲ್ಲಿರುವ ತಾಯಿ, ಕಾರಣವಿಲ್ಲದೆ ಬರುವ ಅಳುಕು ಮುಂತಾದ, ಜಾಣ್ಮೆಯ ಮಾತಿಗೆ ಸುಲಭವಾಗಿ ಸಿಕ್ಕದ ಸಂಗತಿಗಳನ್ನು ಅವರು ಇಲ್ಲಿ ಸರಳವಾದ, ಕೆಲವೊಮ್ಮೆ ಅರ್ಧಕ್ಕೇ ನಿಲ್ಲುವ ಸಾಲುಗಳಲ್ಲಿ ಹೇಳುತ್ತಾರೆ. ದನಿಯನ್ನು ಎಲ್ಲಿಯೂ ಎತ್ತುವುದಿಲ್ಲ. ವಿಷಯ ಗಂಭೀರವಾಗಿದ್ದರೆ ಸಾಕು ಕೃತಿ ಪ್ರೌಢವಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ತನಗೆ ಚೆನ್ನಾಗಿ ಬರುವ ವಿದ್ಯೆಯನ್ನು, ಹಾಡಿಗೆ ಬೇಡವೆಂದು ಕಂಡಾಗ, ಬದಿಗಿಡುವ ಧೈರ್ಯದಲ್ಲಿ ಆ ಪ್ರೌಢಿಮೆ ಇದೆ. ತನ್ನನ್ನು ಪ್ರಸಿದ್ಧಿಗೆ ತಂದ ವ್ಯಂಗ್ಯವನ್ನೇ 29ನೆಯ ವಯಸ್ಸಿನಲ್ಲಿ ಬಿಡುವುದು ಯಾವ ಗೀತರಚನಕಾರ್ತಿಗೂ ಸಣ್ಣ ತೀರ್ಮಾನವಲ್ಲ.

ಅವರ ಸ್ವಂತ ಜೀವನದ ಯಾವ ಘಟನೆಗಳು ಇದರಲ್ಲಿವೆ?

ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ, ಗೀತರಚನಕಾರರು ಗಿಟಾರ್ ಹಿಡಿದು ತಮ್ಮ ಹಾಡುಗಳನ್ನು ತಾವೇ ಹಾಡುವ ಪುಟ್ಟ ಜಾಗ. ಅಲ್ಲಿ 2016ರಲ್ಲಿ ಮಸ್‌ಗ್ರೇವ್ಸ್ ಗಾಯಕ ರಸ್ಟನ್ ಕೆಲ್ಲಿ ಅವರ ಹಾಡು ಕೇಳಿದರು. ಪರಿಚಯ ಪ್ರೀತಿಯಾಗಿ, 2017ರ ಅಕ್ಟೋಬರ್‌ನಲ್ಲಿ ಇಬ್ಬರೂ ಮದುವೆಯಾದರು. ‘ಬಟರ್‌ಫ್ಲೈಸ್’ ಮುಂತಾದ ಪ್ರೇಮಗೀತೆಗಳ ಹಿನ್ನೆಲೆ ಇದೇ. ಆದರೆ ಎಲ್ಲವೂ ಆ ಎರಡು ವರ್ಷದ ಫಲವಲ್ಲ. ಕೊನೆಯ ಹಾಡು ‘ರೇನ್‌ಬೋ’ವನ್ನು ಆಲ್ಬಮ್‌ಗಿಂತ ಕೆಲವು ವರ್ಷ ಮೊದಲೇ ಬರೆದಿದ್ದರು, ಅದು ಅವರ ಅಜ್ಜಿಯ ನೆನಪಿನೊಂದಿಗೆ ಬೆಸೆದುಕೊಂಡಿದೆ.

## ಹಾಡುಗಳ ಒಳಗೆ

ಮೊದಲ ಸಲ ಕೇಳುವವರು ಯಾವ ಹಾಡಿನಿಂದ ಶುರು ಮಾಡಬೇಕು?

ಸಾಧ್ಯವಿದ್ದರೆ ಮೊದಲ ಹಾಡಿನಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ ಕೇಳಿ. ‘ಸ್ಲೋ ಬರ್ನ್’ ಬರಿಯ ಗಿಟಾರ್ ಮತ್ತು ದನಿಯಿಂದ ತೆರೆದುಕೊಂಡು ಒಂದೊಂದೇ ವಾದ್ಯವನ್ನು ಸೇರಿಸಿಕೊಳ್ಳುತ್ತ ಹೋಗುತ್ತದೆ. ಅವಸರವಿಲ್ಲದೆ ಬದುಕುತ್ತೇನೆ ಎಂಬ ಮಾತನ್ನು ಅದರ ನಡಿಗೆಯೇ ಹೇಳಿಬಿಡುತ್ತದೆ. ಐದನೆಯದಾದ ‘ಮದರ್’ ಒಂದೂಕಾಲು ನಿಮಿಷಕ್ಕೂ ತುಸು ಹೆಚ್ಚಿನದು, ಅಷ್ಟೆ. ತನ್ನ ತಾಯಿಯನ್ನು ನೆನೆಯುವ ಮಗಳು, ಆ ತಾಯಿಯೂ ತನ್ನ ತಾಯಿಯನ್ನು ನೆನೆಯುತ್ತಿರುವಳು ಎಂದು ತಿಳಿಯುವಲ್ಲಿಗೆ ಹಾಡು ಮುಗಿಯುತ್ತದೆ. ಇನ್ನೊಂದು ಚರಣ ಬರೆದಿದ್ದರೆ ಅದು ಕೆಡುತ್ತಿತ್ತು.

ಮೂರೇ ಹಾಡಿಗೆ ಸಮಯ ಇದೆ ಎನ್ನುವವರಿಗೆ ‘ಸ್ಲೋ ಬರ್ನ್’, ‘ಸ್ಪೇಸ್ ಕೌಬಾಯ್’, ‘ರೇನ್‌ಬೋ’ ಎಂದು ಹೇಳುತ್ತೇನೆ. ಇವುಗಳಲ್ಲಿ ‘ರೇನ್‌ಬೋ’ ಪಿಯಾನೊವನ್ನೇ ನೆಚ್ಚಿಕೊಂಡ ಹಾಡು, ಸಂಕಟದಲ್ಲಿರುವ ಒಬ್ಬರಿಗೆ ಮಳೆ ನಿಂತಿರುವುದನ್ನು ತೋರಿಸಿಕೊಡುವ ಸಾಂತ್ವನದ ಮಾತು. ಇಂಗ್ಲಿಷ್ ಹಾಡುಗಳ ಉಚ್ಚಾರಣೆ ಹಿಡಿಯುವುದಿಲ್ಲ ಎನ್ನುವವರಿಗೂ ಇದು ಒಂದೇ ಸಲಕ್ಕೆ ಕೇಳಿಸುತ್ತದೆ.

ಪ್ರತಿ ಹಾಡಿಗೂ ಎರಡು ಮೂರು ಹೆಸರುಗಳಿವೆ. ಇನ್ನೊಬ್ಬರ ಜೊತೆ ಕೂತು ಬರೆದದ್ದು ವೈಯಕ್ತಿಕ ಹೇಗಾಗುತ್ತೆ?

ಸುಗಮ ಸಂಗೀತ ಕೇಳಿ ಬೆಳೆದ ನಮಗೆ ಕವಿ, ಸಂಯೋಜಕ, ಗಾಯಕ ಮೂವರೂ ಬೇರೆ ಬೇರೆ ಎಂಬುದೇ ಅಭ್ಯಾಸ. ಆದರೆ ಕವಿ ಒಬ್ಬನೇ ಕೂತು ಬರೆಯುತ್ತಾನೆ ಎಂದುಕೊಂಡಿರುತ್ತೇವೆ. ನ್ಯಾಶ್‌ವಿಲ್‌ನಲ್ಲಿ ಗೀತರಚನೆ ಹೊತ್ತು ಗೊತ್ತುಮಾಡಿಕೊಂಡು, ಇಬ್ಬರು ಮೂವರು ಒಂದು ಕೋಣೆಯಲ್ಲಿ ಸೇರಿ ಮಾಡುವ ನಿತ್ಯದ ಕೆಲಸ. ಒಬ್ಬರು ತಮ್ಮ ಅನುಭವದ ಒಂದು ತುಣುಕನ್ನು ಹೇಳುತ್ತಾರೆ, ಇನ್ನೊಬ್ಬರು ಅದಕ್ಕೊಂದು ಮಟ್ಟನ್ನು ಕಾಣುತ್ತಾರೆ, ಮೂರನೆಯವರು ಇದು ಸುಳ್ಳು ಸಾಲು ಎಂದು ತಡೆಯುತ್ತಾರೆ.

ಈ ಆಲ್ಬಮ್ಮಿನ 13 ಹಾಡುಗಳಲ್ಲಿಯೂ ಮಸ್‌ಗ್ರೇವ್ಸ್ ಅವರ ಕೈ ಇದೆ. ಹಳೆಯ ಒಡನಾಡಿಗಳಾದ ಲ್ಯೂಕ್ ಲೇರ್ಡ್, ಶೇನ್ ಮಕ್‌ಅನಾಲಿ, ನ್ಯಾಟಲಿ ಹೆಂಬಿ ಕೆಲವು ಹಾಡುಗಳಲ್ಲಿದ್ದಾರೆ. ಹೊಸಬರಾದ ಡೇನಿಯಲ್ ತಾಶಿಯನ್ ಮತ್ತು ಇಯಾನ್ ಫಿಚುಕ್ ಅನೇಕ ಹಾಡುಗಳಲ್ಲಿ ಪಾಲುದಾರರು, ಮಸ್‌ಗ್ರೇವ್ಸ್ ಜೊತೆ ಇಡೀ ಆಲ್ಬಮ್ಮಿನ ನಿರ್ಮಾಪಕರೂ ಹೌದು. ‘ಸ್ಪೇಸ್ ಕೌಬಾಯ್’ ಈ ಪದ್ಧತಿಗೆ ಒಳ್ಳೆಯ ಉದಾಹರಣೆ. ಶೀರ್ಷಿಕೆ ಓದಿದರೆ ಅಂತರಿಕ್ಷದ ಕೌಬಾಯ್ ಎಂದು ತೋರುತ್ತದೆ. ಹಾಡಿನಲ್ಲಿ ಆ ಎರಡು ಪದಗಳ ನಡುವೆ ಒಂದು ಕ್ಷಣದ ಬಿಡುವು ಬಂದು, ದೂರ ಬೇಕೆಂದು ಹೊರಟವನಿಗೆ ‘ಹೋಗು, ನಿನ್ನ ಜಾಗ ನೀನು ತೆಗೆದುಕೊ’ ಎನ್ನುವ ಬೀಳ್ಕೊಡುಗೆ ಆಗುತ್ತದೆ. ಈ ಬಗೆಯ ತಿರುವು ನ್ಯಾಶ್‌ವಿಲ್ ಕಸುಬುದಾರರ ಹಳೆಯ ಪಾಠ. ಆದರೆ ಇಲ್ಲಿ ಅದು ನಗಿಸಲು ಬಂದಿಲ್ಲ, ಜಗಳವಾಡದೆ ಬಾಗಿಲು ತೆರೆದು ನಿಲ್ಲುವ ಹೆಣ್ಣಿನ ಘನತೆಯನ್ನು ಹಿಡಿದುಕೊಟ್ಟಿದೆ. ಇಂಥಲ್ಲಿ ಜೊತೆಯವರು ಅನುಭವವನ್ನು ತೆಳುವಾಗಿಸುವುದಿಲ್ಲ, ಅದಕ್ಕೆ ರೂಪ ಸಿಗುವವರೆಗೂ ಕಾಯಲು ನೆರವಾಗುತ್ತಾರೆ.

ಹಿಂದೆ ಜಾರಿಕೊಂಡು ಬರುವ ಆ ಗಿಟಾರಿನಂಥ ದನಿ ಯಾವುದು?

ಅದು ಪೆಡಲ್ ಸ್ಟೀಲ್. ಮೇಜಿನಂತೆ ಅಡ್ಡವಾಗಿ ಇಟ್ಟು, ತಂತಿಗಳ ಮೇಲೆ ಲೋಹದ ಸರಳನ್ನು ಜಾರಿಸುತ್ತ, ಕಾಲಿನ ಪೆಡಲ್ ಮತ್ತು ಮೊಣಕಾಲಿನಿಂದ ತಳ್ಳುವ ಸನ್ನೆಗೋಲುಗಳಿಂದ ತಂತಿಯ ಬಿಗಿಯನ್ನು ಬದಲಿಸುತ್ತ ನುಡಿಸುವ ವಾದ್ಯ. ಒಂದು ತಂತಿ ಸ್ಥಿರವಾಗಿ ನಿಂತಿರುವಾಗ ಪಕ್ಕದ ತಂತಿ ಮೇಲಕ್ಕೇರುವ ಆ ನಾದ 1954ರಲ್ಲಿ ವೆಬ್ ಪಿಯರ್ಸ್ ಅವರ ಜನಪ್ರಿಯ ಹಾಡಿನಲ್ಲಿ ಬಡ್ ಐಸಾಕ್ಸ್ ನುಡಿಸಿದ ಮೇಲೆ ಕಂಟ್ರಿ ಸಂಗೀತದ ಗುರುತೇ ಆಯಿತು.

ಇದರ ತಾಯಿ ಹವಾಯಿ ದ್ವೀಪಗಳ ಸ್ಟೀಲ್ ಗಿಟಾರ್. ಅದೇ ವಾದ್ಯ ನಮ್ಮ ದೇಶಕ್ಕೂ ಬಂತು. ಹವಾಯಿ ಪರಂಪರೆಯ ಕಲಾವಿದ ತಾವು ಮೋ 1940ರ ದಶಕದಲ್ಲಿ ಕೋಲ್ಕತ್ತದಲ್ಲಿ ನೆಲೆಸಿದ್ದರು. ಮುಂದೆ ವ್ಯಾನ್ ಶಿಪ್ಲಿ, ಸುನಿಲ್ ಗಂಗೂಲಿ ಮೊದಲಾದವರು ಹವಾಯನ್ ಗಿಟಾರಿನಲ್ಲಿ ನುಡಿಸಿದ ಚಲನಚಿತ್ರ ಗೀತೆಗಳು ಮನೆಮಾತಾದವು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರು ಮೋಹನವೀಣೆಯನ್ನು ರೂಪಿಸಿ, ಅಮೆರಿಕದ ರೈ ಕೂಡರ್ ಜೊತೆ ನುಡಿಸಿದ ಆಲ್ಬಮ್ಮಿಗೆ 1994ರಲ್ಲಿ ಗ್ರ್ಯಾಮಿ ಪಡೆದರು. ಹಾಗಾಗಿ ಈ ಆಲ್ಬಮ್ಮಿನ ಜಾರುನಾದ ಕೇಳಿ, ಎಲ್ಲಿಯೋ ಕೇಳಿದ್ದೇನೆ ಎಂದು ಹಿರಿಯರೊಬ್ಬರಿಗೆ ಅನ್ನಿಸಿದರೆ, ಆ ಅನಿಸಿಕೆಗೆ ನಿಜವಾದ ವಂಶಾವಳಿಯೇ ಇದೆ.

ಬ್ಯಾಂಜೊ ಪಕ್ಕದಲ್ಲಿ ರೋಬಾಟ್ ದನಿ, ಡಿಸ್ಕೊ ತಾಳ. ಇದೆಲ್ಲ ಬೇಕಿತ್ತಾ?

ಬೇಕಿತ್ತು ಎಂದೇ ನನ್ನ ನಂಬಿಕೆ. ‘ಓ ವಾಟ್ ಎ ವರ್ಲ್ಡ್’ ಹಾಡಿನಲ್ಲಿ ಕೇಳಿಸುವ ಯಂತ್ರದಂಥ ದನಿ ವೋಕೋಡರ್ ಎಂಬ ಉಪಕರಣದ್ದು. ಅದು ಮನುಷ್ಯನ ದನಿಯ ಆಕಾರವನ್ನು ಸಿಂಥಸೈಜರಿನ ನಾದಕ್ಕೆ ತೊಡಿಸುತ್ತದೆ. ಪ್ರಪಂಚವನ್ನು ಕಂಡು ಬೆರಗಾಗುವ ಹಾಡಿಗೆ, ಮನುಷ್ಯನದೂ ಅಲ್ಲದ ಯಂತ್ರದ್ದೂ ಅಲ್ಲದ ಆ ದನಿ ಹೊಂದುತ್ತದೆ. ಅದರ ಹಿಂದೆಯೇ ಬ್ಯಾಂಜೊ ಬಂದಾಗ ಹಳತು ಹೊಸತು ಎಂಬ ಭೇದ ಮರೆತುಹೋಗುತ್ತದೆ.

‘ಹೈ ಹಾರ್ಸ್’ ಡಿಸ್ಕೊ ಹಾಡೇ ಸರಿ. ಆದರೆ ಡಿಸ್ಕೊಗೂ ಕಂಟ್ರಿಗೂ ಹಳೆಯ ಸ್ನೇಹವಿದೆ. ಕೆನ್ನಿ ರಾಜರ್ಸ್ ಮತ್ತು ಡಾಲಿ ಪಾರ್ಟನ್ 1983ರಲ್ಲಿ ಹಾಡಿದ ‘ಐಲ್ಯಾಂಡ್ಸ್ ಇನ್ ದ ಸ್ಟ್ರೀಮ್’ ಹಾಡನ್ನು ಬರೆದವರು ಡಿಸ್ಕೊಗೆ ಹೆಸರಾದ ಬೀ ಜೀಸ್ ಸಹೋದರರು. ‘ಗೋಲ್ಡನ್ ಅವರ್’ನ ಬಹುಪಾಲನ್ನು ಮುದ್ರಿಸಿದ್ದು ನ್ಯಾಶ್‌ವಿಲ್‌ನಲ್ಲಿ ಗಾಯಕಿ ಶೆರಿಲ್ ಕ್ರೋ ಅವರ ಕುದುರೆ ಲಾಯದ ಮೇಲಿರುವ ಸ್ಟುಡಿಯೊದಲ್ಲಿ. ದೊಡ್ಡ ಕಂಪನಿಯ ಗಡಿಯಾರಕ್ಕೆ ಕಟ್ಟುಬೀಳದ ಅಂಥ ಜಾಗದ ನೆಮ್ಮದಿ ಹಾಡುಗಳಲ್ಲಿಯೂ ಇದೆ ಎಂದು ನನಗೆ ತೋರುತ್ತದೆ.

ಕೆಲವು ಹಾಡು ಎಲ್‌ಎಸ್‌ಡಿ ತೆಗೆದುಕೊಂಡು ಬರೆದದ್ದಂತೆ, ನಿಜವೇ?

ಆ ಅನುಭವದ ಪ್ರಭಾವ ‘ಸ್ಲೋ ಬರ್ನ್’ ಮತ್ತು ‘ಮದರ್’ ಹಾಡುಗಳ ಮೇಲೆ ಇದೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆದರೆ ಹಾಡಿನ ಕಟ್ಟು, ಪದಗಳ ಆಯ್ಕೆ, ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ ಇವು ವರ್ಷಗಳ ಕಸುಬಿನಿಂದ ಬಂದವು. ಅದು ಯಾವ ಮಾದಕವಸ್ತುವಿನಿಂದಲೂ ಬರುವಂಥದ್ದಲ್ಲ.

ಇಡೀ ಆಲ್ಬಮ್ ಖುಷಿಯ ಬಗ್ಗೆಯೇ ಇದ್ದರೆ ಬೇಜಾರಾಗಲ್ವಾ?

ಸುಖದ ಹಾಡು ಬರೆಯುವುದು ದುಃಖದ ಹಾಡಿಗಿಂತ ಕಷ್ಟ. ದುಃಖಕ್ಕೆ ಕಥೆ ತಾನಾಗಿ ಇರುತ್ತದೆ, ಸುಖಕ್ಕೆ ಇರುವುದಿಲ್ಲ. ಮಸ್‌ಗ್ರೇವ್ಸ್ ಈ ತೊಡಕನ್ನು ಬಿಡಿಸಿದ ಬಗೆ ಎಂದರೆ, ಸುಖದ ಒಳಗಿರುವ ಹೆದರಿಕೆಯನ್ನೂ ಮುಚ್ಚಿಡದೆ ಹಾಡಿದ್ದು. ‘ಹ್ಯಾಪಿ ಆ್ಯಂಡ್ ಸ್ಯಾಡ್’ ಹಾಡಿನಲ್ಲಿ ಎಲ್ಲವೂ ಚೆನ್ನಾಗಿರುವ ಸಂಜೆಯಲ್ಲಿಯೇ, ಇಷ್ಟು ಎತ್ತರಕ್ಕೆ ಹೋದದ್ದು ಕೆಳಗಿಳಿಯಲೇಬೇಕಲ್ಲವೇ ಎಂಬ ಅಳುಕು ಬರುತ್ತದೆ. ‘ಲೋನ್ಲಿ ವೀಕೆಂಡ್’ನಲ್ಲಿ ಪ್ರೀತಿಸಿದವನು ಊರಲ್ಲಿಲ್ಲದ ವಾರಾಂತ್ಯದ ಒಂಟಿತನವಿದೆ. ‘ವಂಡರ್ ವುಮನ್’ ತಾನು ಎಲ್ಲವನ್ನೂ ನಿಭಾಯಿಸಬಲ್ಲವಳಲ್ಲ ಎಂದು ಒಪ್ಪಿಕೊಳ್ಳುವ ಹಾಡು. ‘ವೆಲ್ವೆಟ್ ಎಲ್ವಿಸ್’ ಮಾತ್ರ ನನಗೆ ಹಗುರವೆನಿಸುತ್ತದೆ. ಒಂದೇ ಉಪಮೆಯನ್ನು ಹಿಡಿದು ನಡೆಯುವ ಅದು ಹಿಂದಿನ ಆಲ್ಬಮ್ಮಿಗೆ ಹೆಚ್ಚು ಸಲ್ಲುತ್ತಿತ್ತು.

## ಪ್ರಶಸ್ತಿ, ರೇಡಿಯೊ ಮತ್ತು ವಿವಾದ

ಇದಕ್ಕೆ ಎಷ್ಟು ಗ್ರ್ಯಾಮಿ ಬಂದಿವೆ?

ನಾಲ್ಕು. 2019ರ ಫೆಬ್ರುವರಿ 10ರಂದು ವರ್ಷದ ಆಲ್ಬಮ್, ಅತ್ಯುತ್ತಮ ಕಂಟ್ರಿ ಆಲ್ಬಮ್, ‘ಬಟರ್‌ಫ್ಲೈಸ್’ಗೆ ಅತ್ಯುತ್ತಮ ಕಂಟ್ರಿ ಏಕವ್ಯಕ್ತಿ ಗಾಯನ, ‘ಸ್ಪೇಸ್ ಕೌಬಾಯ್’ಗೆ ಅತ್ಯುತ್ತಮ ಕಂಟ್ರಿ ಹಾಡು. ಇದಕ್ಕೂ ಮೊದಲು 2018ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಕೂಡ ವರ್ಷದ ಆಲ್ಬಮ್ ಎಂದು ಇದನ್ನು ಆರಿಸಿತ್ತು. ಎಲ್ಲ ಪ್ರಕಾರಗಳೂ ಸ್ಪರ್ಧಿಸುವ ಗ್ರ್ಯಾಮಿಯ ವರ್ಷದ ಆಲ್ಬಮ್ ಗೌರವ ಕಂಟ್ರಿ ಗಾಯಕರಿಗೆ ಬಲು ಅಪರೂಪ. ಗ್ಲೆನ್ ಕ್ಯಾಂಬೆಲ್ 1969ರಲ್ಲಿ, ಆಗ ಡಿಕ್ಸಿ ಚಿಕ್ಸ್ ಎಂಬ ಹೆಸರಿದ್ದ ತಂಡ 2007ರಲ್ಲಿ, ಟೇಲರ್ ಸ್ವಿಫ್ಟ್ 2010ರಲ್ಲಿ ಅದನ್ನು ಪಡೆದಿದ್ದರು.

ಇಷ್ಟು ಹೆಸರು ಬಂದರೂ ಕಂಟ್ರಿ ರೇಡಿಯೊದಲ್ಲಿ ಯಾಕೆ ಹಾಕಲಿಲ್ಲ?

ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನದಿಂದಲೂ ಕಂಟ್ರಿ ಆಲ್ಬಮ್‌ಗಳ ಪಟ್ಟಿಯಲ್ಲಿ ಒಂದನೆಯ ಸ್ಥಾನದಿಂದಲೂ ಶುರುವಾಯಿತು. ರೇಡಿಯೊ ಪಟ್ಟಿಯಲ್ಲಿ ಮಾತ್ರ ಇದರ ಹಾಡುಗಳು ಮೇಲ್ತುದಿಯ ಹತ್ತಿರವೂ ಸುಳಿಯಲಿಲ್ಲ. ಇದು ಹೊಸ ಕಥೆಯಲ್ಲ. ಹುಡುಗಿಯರು ಹುಡುಗಿಯರನ್ನು ಮುದ್ದಿಸಿದರೂ ಸರಿಯೇ, ನಿನ್ನ ದಾರಿಯಲ್ಲಿ ನೀನು ನಡೆ ಎಂದು ಹಾಡಿದ ಇವರ ‘ಫಾಲೊ ಯುವರ್ ಆ್ಯರೋ’ ಹಾಡಿಗೂ ಕೇಂದ್ರಗಳು ಹಿಂಜರಿದಿದ್ದವು. ಅದೇ ಹಾಡು 2014ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್‌ನ ವರ್ಷದ ಹಾಡಾಯಿತು.

ಇದರ ಹಿಂದೆ ದೊಡ್ಡ ಅನ್ಯಾಯವೊಂದಿದೆ. ಅಮೆರಿಕದ ಕಂಟ್ರಿ ಕೇಂದ್ರಗಳಲ್ಲಿ ಹೆಂಗಸರ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಬಾರದು ಎಂಬ ಅಲಿಖಿತ ನಿಯಮ ಬಹುಕಾಲ ನಡೆದುಬಂದಿದೆ. 2015ರಲ್ಲಿ ರೇಡಿಯೊ ಸಲಹೆಗಾರರೊಬ್ಬರು ಗಂಡಸರ ಹಾಡುಗಳನ್ನು ಸಲಾಡಿನ ಸೊಪ್ಪಿಗೂ ಹೆಂಗಸರ ಹಾಡುಗಳನ್ನು ನಡುನಡುವೆ ಹಾಕುವ ಟೊಮೆಟೊಗೂ ಹೋಲಿಸಿ ಬಹಿರಂಗವಾಗಿಯೇ ಹೇಳಿದಾಗ ಗಾಯಕಿಯರು ಸಿಡಿದೆದ್ದರು. ರೇಡಿಯೊ ಮೆಚ್ಚಲಿ ಎಂದು ಬರೆಯದೆ, ಪ್ರವಾಸದ ವೇದಿಕೆಯನ್ನೂ ಆನ್‌ಲೈನ್ ಕೇಳುಗರನ್ನೂ ನಂಬಿ ಮಾಡಿದ ಆಲ್ಬಮ್ ಇದು. ಹಾಗೆ ನಂಬಿದ್ದರಿಂದಲೇ ಇದಕ್ಕೆ ಇಷ್ಟು ಮೆಲುದನಿಯಲ್ಲಿ ಮಾತಾಡುವ ಸ್ವಾತಂತ್ರ್ಯ ಸಿಕ್ಕಿತು ಎಂದು ನಾನು ತಿಳಿಯುತ್ತೇನೆ.

ಇದು ಕಂಟ್ರಿಯೇ ಅಲ್ಲ ಅನ್ನುವವರಿಗೆ ಏನು ಹೇಳುತ್ತೀರಿ?

ಪ್ರಕಾರದ ಗಡಿಯನ್ನು ಯಾರು ಕಾಯುತ್ತಾರೆ ಎಂದು ಮೊದಲು ಕೇಳುತ್ತೇನೆ. 2021ರಲ್ಲಿ ಇವರ ಮುಂದಿನ ಆಲ್ಬಮ್ ‘ಸ್ಟಾರ್-ಕ್ರಾಸ್ಡ್’ ಬಂದಾಗ ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿ ಅದನ್ನು ಕಂಟ್ರಿ ಆಲ್ಬಮ್ ವಿಭಾಗದಿಂದ ಹೊರಗಿಟ್ಟಿತು. ಅದೇ ಆಲ್ಬಮ್ಮಿನ ‘ಕ್ಯಾಮೆರಾ ರೋಲ್’ ಹಾಡು ಮಾತ್ರ ಕಂಟ್ರಿ ವಿಭಾಗಗಳಲ್ಲಿಯೇ ನಾಮನಿರ್ದೇಶನಗೊಂಡಿತು. ಅಂದರೆ ಹಾಡು ಕಂಟ್ರಿ, ಆ ಹಾಡಿರುವ ಆಲ್ಬಮ್ ಪಾಪ್. ಗೆರೆಯನ್ನು ಎಳೆಯುವವರಿಗೇ ಗೆರೆ ಎಲ್ಲಿದೆ ಎಂಬುದು ಖಚಿತವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ನನ್ನ ಕಿವಿಗೆ ‘ಗೋಲ್ಡನ್ ಅವರ್’ ಕಂಟ್ರಿಯೇ. ಊರು, ಮನೆ, ತಾಯಿ, ಅಜ್ಜಿ, ಬಿಟ್ಟುಹೋಗುವ ಗಂಡಸು, ಕಡಿಮೆ ಮಾತಿನಲ್ಲಿ ಹೇಳಿ ಮುಗಿಸುವ ಶಿಸ್ತು ಇವೆಲ್ಲವೂ ಆ ಪರಂಪರೆಯ ಸೊತ್ತು.

ಆಮೇಲೆ ವಿಚ್ಛೇದನ ಆಯಿತಲ್ಲ. ಹಾಗಾದರೆ ಈ ಪ್ರೇಮಗೀತೆಗಳೆಲ್ಲ ಸುಳ್ಳಾಗಲಿಲ್ಲವೇ?

2020ರ ಜುಲೈನಲ್ಲಿ ಇಬ್ಬರೂ ಬೇರೆಯಾಗುವುದಾಗಿ ತಿಳಿಸಿದರು. ಆ ಅನುಭವದಿಂದ ಬಂದ ‘ಸ್ಟಾರ್-ಕ್ರಾಸ್ಡ್’ ಒಂದು ದುರಂತ ನಾಟಕದಂತೆ ಮೂರು ಅಂಕಗಳಲ್ಲಿ ಸಾಗುತ್ತದೆ, ಬದುಕಿಗೆ ಕೃತಜ್ಞತೆ ಹೇಳುವ, ಚಿಲಿ ದೇಶದ ವಿಯೊಲೆತಾ ಪಾರ್ರಾ ಅವರ ಸ್ಪ್ಯಾನಿಷ್ ಗೀತೆಯೊಂದಿಗೆ ಮುಗಿಯುತ್ತದೆ.

ಈ ಪ್ರಶ್ನೆ ಕೇಳುವವರ ನೋವು ನನಗೆ ಅರ್ಥವಾಗುತ್ತದೆ, ಏಕೆಂದರೆ ಹಾಡನ್ನು ತಮ್ಮ ಮದುವೆಯಲ್ಲಿ ಹಾಕಿಸಿಕೊಂಡವರಿದ್ದಾರೆ. ಆದರೆ ಹಾಡು ಭವಿಷ್ಯಕ್ಕೆ ಬರೆದುಕೊಟ್ಟ ಕರಾರುಪತ್ರವಲ್ಲ. ಹಾಡುವ ಹೊತ್ತಿಗೆ ಮನಸ್ಸಿನಲ್ಲಿ ಏನಿತ್ತೋ ಅದನ್ನು ಕಲಬೆರಕೆಯಿಲ್ಲದೆ ಹೇಳಿದರೆ ಅದು ನಿಜ. ‘ಬಟರ್‌ಫ್ಲೈಸ್’ ಬರೆದಾಗಿನ ಹಗುರ ನಿಜ, ‘ಸ್ಟಾರ್-ಕ್ರಾಸ್ಡ್’ನ ಕಹಿಯೂ ನಿಜ. ವೈಯಕ್ತಿಕ ಆಲ್ಬಮ್ಮಿನ ಅಪಾಯವೇ ಇದು, ಬದುಕು ಮುಂದೆ ಹೋದ ಮೇಲೂ ಹಾಡು ಅಲ್ಲಿಯೇ ನಿಂತಿರುತ್ತದೆ ಮತ್ತು ಗಾಯಕಿ ಅದನ್ನು ಮತ್ತೆ ಮತ್ತೆ ಹಾಡಬೇಕಾಗುತ್ತದೆ. ಇನ್ನೊಂದು ಮಾತು. ಹಾಡಿನ ‘ನಾನು’ ಮತ್ತು ಹಾಡುವವರು ಒಂದೇ ಎಂದು ತಿಳಿದು ಅವರ ಮನೆಯ ಸುದ್ದಿಯನ್ನು ಕೆದಕುವುದು ಕೇಳುಗರ ಹಕ್ಕಲ್ಲ. ಅವರು ಹಾಡಿನಲ್ಲಿ ಎಷ್ಟು ಕೊಟ್ಟಿದ್ದಾರೋ ಅಷ್ಟು ನಮ್ಮದು.

ಇದು ಇಷ್ಟವಾದರೆ ಮುಂದೆ ಏನು ಕೇಳಲಿ?

ಮಸ್‌ಗ್ರೇವ್ಸ್ ಅವರದೇ ಬೇಕಿದ್ದರೆ 2024ರ ‘ಡೀಪರ್ ವೆಲ್’. ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ ಮುದ್ರಿಸಿದ ಈ ಆಲ್ಬಮ್ ಜಾನಪದ ಗಿಟಾರಿನ ನಡೆಗೆ ಹತ್ತಿರ, ಇದರ ‘ದಿ ಆರ್ಕಿಟೆಕ್ಟ್’ ಹಾಡಿಗೆ 2025ರಲ್ಲಿ ಗ್ರ್ಯಾಮಿ ಬಂತು. ಬೇರೆ ಗಾಯಕಿಯರಲ್ಲಿ, ತನ್ನ ಬಡ ಬಾಲ್ಯವನ್ನು ಡಾಲಿ ಪಾರ್ಟನ್ ಹಾಡಿದ 1971ರ ‘ಕೋಟ್ ಆಫ್ ಮೆನಿ ಕಲರ್ಸ್’, ಕಂಟ್ರಿ ಯಶಸ್ಸಿನ ನಡುವೆ ರೋಸಾನ್ ಕ್ಯಾಶ್ ಎಲ್ಲವನ್ನೂ ತೆಗೆದಿಟ್ಟು ಮಾಡಿದ 1990ರ ‘ಇಂಟೀರಿಯರ್ಸ್’, ಎಮಿಲೂ ಹ್ಯಾರಿಸ್ ಹೊಸ ನಾದಕ್ಕೆ ಹೊರಳಿದ 1995ರ ‘ರೆಕಿಂಗ್ ಬಾಲ್’ ಮೂರನ್ನೂ ಕೇಳಿ. ಕಾರ್ಲಿ ಪಿಯರ್ಸ್ ಅವರ 2021ರ ‘29: ರಿಟನ್ ಇನ್ ಸ್ಟೋನ್’ ಅದೇ ವಯಸ್ಸಿನ ಇನ್ನೊಬ್ಬ ಗಾಯಕಿ ಮದುವೆ ಮುರಿದುದನ್ನೂ ಆಪ್ತರೊಬ್ಬರ ಸಾವನ್ನೂ ಹಳೆಯ ಕಂಟ್ರಿ ವಾದ್ಯಗಳೊಂದಿಗೆ ಹಾಡಿದ ಆಲ್ಬಮ್. ಮೊದಲು ಕೇಳಬೇಕಾದದ್ದು ‘ಇಂಟೀರಿಯರ್ಸ್’ ಎಂದು ನನ್ನ ಅಭಿಪ್ರಾಯ, ‘ಗೋಲ್ಡನ್ ಅವರ್’ ಹಿಡಿದ ದಾರಿಯಲ್ಲಿ ಅದು ಬಹಳ ಮೊದಲೇ ನಡೆದಿತ್ತು.